ಹಂಡೆಯ ಬಾಗಿಲಿನಿಂದ ಹಿಂದಕ್ಕೆ

ನಮ್ಮ ಯಾರ್ಡಿನಲ್ಲಿ ಅವಳಿಗೆ ಉಲ್ಟಕ್ಕ ಎಂದು ಹೆಸರು. ಎದುರಿಗೆ ಬರೀ ಅಕ್ಕ, ಬೆನ್ನ ಹಿಂದೆ ಉಲ್ಟಕ್ಕ. ಯಾವ ಕೆಲಸವನ್ನಾದರೂ ಅವಳು ಕೊನೆಯಿಂದಲೇ ಶುರುಮಾಡುತ್ತಾಳೆ ಎಂಬುದು ಆ ಹೆಸರಿನ ಮೂಲ. "ಅಕ್ಕ ಊಟಕ್ಕೆ ಕೂತ್ರೆ ಮೊದಲು ಕೈ ತೊಳ್ಕೊಂಡು ಏಳ್ತಾಳೆ, ಆಮೇಲೆ ತಟ್ಟೆ ಹಾಕ್ಕೋತಾಳೆ" ಎಂದು ಕೆಲಸಗಾರರು ನಗುತ್ತಿದ್ದರು.

ನಾನು ಅಲ್ಲಿ ಸ್ಟೋರು ನೋಡಿಕೊಳ್ಳುತ್ತಿದ್ದವನು. ನನ್ನ ಕೋಣೆಗೂ ಅವಳ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಅವಳ ಕೈಯಲ್ಲಿ ಸೀಮೆಸುಣ್ಣ ಮುರಿದರೆ ನನಗೆ ಕೇಳಿಸುತ್ತಿತ್ತು. ಮಧ್ಯಾಹ್ನದ ಬುತ್ತಿಯನ್ನು ಒಟ್ಟಿಗೇ ಬಿಚ್ಚುತ್ತಿದ್ದೆವು. ಹಾಗಾಗಿ ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದು ಅರ್ಧ, ಅವಳ ಬಾಯಿಂದ ಕೇಳಿದ್ದು ಅರ್ಧ.

ನಮ್ಮದು ಟ್ಯಾಂಕುಗಳ ಒಳಮೈಗೆ ರಬ್ಬರ್ ಹೊದಿಸುವ ಕೆಲಸ. ಆಸಿಡ್ ತುಂಬುವ ಕಬ್ಬಿಣದ ಟ್ಯಾಂಕುಗಳು ಲಾರಿಯ ಮೇಲೆ ಬರುತ್ತಿದ್ದವು. ಕಬ್ಬಿಣಕ್ಕೂ ಆಸಿಡ್ಡಿಗೂ ಅತ್ತೆ ಸೊಸೆಯ ನಂಟು. ನಡುವೆ ರಬ್ಬರು ಇಲ್ಲದಿದ್ದರೆ ಒಂದು ಇನ್ನೊಂದನ್ನು ತಿಂದು ಮುಗಿಸುತ್ತದೆ. ಮೊದಲು ಗಾಳಿಯ ಒತ್ತಡದಲ್ಲಿ ಮರಳು ಹೊಡೆದು ಒಳಮೈಯನ್ನು ಬೆಳ್ಳಗೆ ಮಾಡಬೇಕು. ಹಾಗೆ ಬೆತ್ತಲಾದ ಕಬ್ಬಿಣ ತುಕ್ಕು ಹಿಡಿಯಲು ತುದಿಗಾಲಿನ ಮೇಲೆ ನಿಂತಿರುತ್ತದೆ. ನಾಲ್ಕು ತಾಸಿನೊಳಗೆ ಪ್ರೈಮರ್ ಎಂಬ ತಳಬಣ್ಣ ಬಳಿಯದಿದ್ದರೆ ಹೊಡೆದ ಮರಳೆಲ್ಲ ದಂಡ. ಪ್ರೈಮರಿನ ಮೇಲೆ ಅಂಟು. ಅಂಟು ಹಸಿಯಿರುವಾಗ ರಬ್ಬರ್ ಹಾಳೆ ಹಾಕಿದರೆ ಗುಳ್ಳೆ ಏಳುತ್ತದೆ. ಪೂರ್ತಿ ಒಣಗಿದ ಮೇಲೆ ಹಾಕಿದರೆ ಹಿಡಿಯುವುದೇ ಇಲ್ಲ. ಬೆರಳಿನ ಗೆಣ್ಣು ತಾಗಿಸಿದರೆ ಅಂಟಬೇಕು, ಆದರೆ ಗೆಣ್ಣಿನ ಜೊತೆ ಎದ್ದು ಬರಬಾರದು. ಆ ನಡುವಿನ ಹೊತ್ತಿನಲ್ಲೇ ಹಾಳೆ ಕೂರಬೇಕು. ಹೊತ್ತು ಮೀರಿದರೆ 'ಅಂಟು ಸತ್ತಿತು' ಎನ್ನುತ್ತಿದ್ದೆವು. ಸತ್ತ ಅಂಟನ್ನು ಕೆರೆದು ಮತ್ತೆ ಮರಳಿನಿಂದಲೇ ಆರಂಭ. ಎಲ್ಲ ಸರಿಯಾಗಿ ಕೂತರೆ ಕೊನೆಗೆ ಟ್ಯಾಂಕು ದೊಡ್ಡ ಹಂಡೆಯೊಳಗೆ ಹೋಗಿ ಹಬೆಯಲ್ಲಿ ಬೇಯುತ್ತದೆ. ಮನೆಯಷ್ಟು ದೊಡ್ಡದಾದ ಆ ಹಂಡೆ ಇದ್ದದ್ದು ಒಂದೇ. ಟ್ಯಾಂಕುಗಳು ಮಾತ್ರ ಮದುವೆಯ ಪಂಕ್ತಿಯಂತೆ ಸಾಲುಗಟ್ಟಿರುತ್ತಿದ್ದವು.

ಅಕ್ಕನ ಕೆಲಸ ಈ ಸಾಲನ್ನು ಹೊಂದಿಸುವುದು. ಮೊದಲು ಹಂಡೆಯ ಬಾಗಿಲು ಮುಚ್ಚುವ ಹೊತ್ತನ್ನು ಕಪ್ಪು ಹಲಗೆಯ ತುದಿಯಲ್ಲಿ ಬರೆಯುತ್ತಿದ್ದಳು. ಅಲ್ಲಿಂದ ಹಿಂದಕ್ಕೆ ನಡೆಯುತ್ತಿದ್ದಳು: ಹಾಳೆ ಯಾವಾಗ ಕೂರಬೇಕು, ಅದಕ್ಕೆ ಅಂಟು ಯಾವಾಗ ಬಳಿಯಬೇಕು, ಅದಕ್ಕೆ ಪ್ರೈಮರ್ ಯಾವಾಗ, ಮರಳು ಯಾವಾಗ, ಯಾವ ತಂಡ, ಯಾರು ಟ್ಯಾಂಕಿನ ಒಳಗೆ, ಯಾರು ಬಾಯಿಯ ಹತ್ತಿರ ಕಾವಲು. ಒಂದು ಹೊತ್ತು ಜಾರಿದರೆ ಹಿಂದಿನದೆಲ್ಲ ಹಾಳು ಎಂದು ಗೊತ್ತಿದ್ದವಳಿಗೆ ಮೊದಲ ತುದಿಯಿಂದ ಶುರುಮಾಡುವ ಧೈರ್ಯ ಬರುವುದಿಲ್ಲ.

ಅವಳು ಈ ಕುರ್ಚಿಗೆ ಬಂದ ದಾರಿ ಬೇರೆಯೇ. ಅವಳ ಗಂಡ, ನಾನು ಭಾವ ಎಂದು ಕರೆಯುವವರು, ಅದೇ ಯಾರ್ಡಿನಲ್ಲಿ ಹಾಳೆ ಹಾಕುತ್ತಿದ್ದರು. ಕೈ ಬಲು ಶುದ್ಧ, ನಾಲಗೆ ಬಲು ನಿಧಾನ. ಒಂದು ಮಾತು ಆಡಬೇಕಾದರೆ ಅದನ್ನು ಹೊರಗೆ ತಂದು, ತಿರುಗಿಸಿ ನೋಡಿ, ಮತ್ತೆ ಒಳಗಿಟ್ಟುಬಿಡುವ ಜಾತಿ. ಅವರ ತಂಡದ ಮೇಸ್ತ್ರಿ ಅದಕ್ಕೆ ತದ್ವಿರುದ್ಧ. ಮಾತೆಂದರೆ ನೀರು ಕುಡಿದಷ್ಟು ಸಲೀಸು. ಅವನಿಗೆ ಪಾರಿವಾಳದ ಹುಚ್ಚು. ಮಹಡಿಯ ಮೇಲೆ ಗೂಡು ಕಟ್ಟಿ ಪಂದ್ಯಕ್ಕೆ ಬಿಡುತ್ತಿದ್ದ. ದೂರದಲ್ಲಿ ಬಿಟ್ಟ ಹಕ್ಕಿ ಮನೆಗೆ ಮರಳುವ ಹೊತ್ತಿಗೆ ಅವನು ಗೂಡಿನ ಬಳಿ ಇರಲೇಬೇಕು. ಕೆಲಸ ಎಲ್ಲಿಗೆ ಬಂದಿದ್ದರೂ ಸರಿ.

ಅಂಥ ಒಂದು ಮಧ್ಯಾಹ್ನ ಟ್ಯಾಂಕಿನ ಅಂಟು ಹದಕ್ಕೆ ಬಂದಾಗ ಮೇಸ್ತ್ರಿ ಇರಲಿಲ್ಲ. ಹಾಳೆಗಳಿದ್ದ ಕೋಣೆಯ ಕೀಲಿ ಆಗ ಅವನ ಸೊಂಟದಲ್ಲಿರುತ್ತಿತ್ತು. ಭಾವ ಕಾದರು. ಅಂಟು ಸತ್ತಿತು. ಮೇಸ್ತ್ರಿ ಬಂದು ಗೆಣ್ಣು ತಾಗಿಸಿ ನೋಡಿ, "ಏನೂ ಆಗಲ್ಲ, ಹಾಕು" ಎಂದ. ಭಾವ ಹಾಕಿದರು.

ಕೆಲವು ತಿಂಗಳಲ್ಲೇ ಆ ಟ್ಯಾಂಕು ಗಿರಾಕಿಯ ಕಾರ್ಖಾನೆಯಲ್ಲಿ ಸೋರಿತು. ಒಳಗಿನ ರಬ್ಬರು ಹಳೆಯ ಗಾಯದ ಹೊಪ್ಪಳೆಯಂತೆ ಎದ್ದುಬಂದಿತ್ತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ಯಾರ್ಡಿನ ಯಜಮಾನರು, ನಾವು ದೊಡ್ಡವರು ಎನ್ನುತ್ತಿದ್ದೆವು, ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಮೇಸ್ತ್ರಿ ಕಣ್ಣು ಮಿಟುಕಿಸದೆ ಹೇಳಿದ: "ನಾನು ಬೇಡ ಅಂದೆ. ಇವನೇ ಆತುರ ಮಾಡಿ ಹಾಕಿಬಿಟ್ಟ." ಭಾವ ತಮ್ಮ ಮಾತನ್ನು ಹೊರಗೆ ತರುವಷ್ಟರಲ್ಲಿ ದೊಡ್ಡವರು ಅವರನ್ನು ಕೆಲಸದಿಂದ ತೆಗೆದು ಒಳಗೆ ಹೋಗಿಯಾಗಿತ್ತು.

ಆ ದಿನ ಭಾವ ಬುತ್ತಿ ಮರೆತು ಹೋಗಿದ್ದರು. ಅದನ್ನು ಹಿಡಿದು ಅಕ್ಕ ಗೇಟಿನ ಬಳಿ ಬಂದಾಗ ಕಾವಲುಗಾರ ಅವಳ ಗಂಡನ ಚೀಲವನ್ನು ನೆಲದ ಮೇಲೆ ಸುರಿಯುತ್ತಿದ್ದ. ಹಾಳೆ ಒತ್ತುವ ರೋಲರು, ಚಾಕು, ಒಂದು ಹಳೆ ಅಂಗಿ. ಯಾರ್ಡಿನ ಸಾಮಾನು ಏನಾದರೂ ಹೊರಗೆ ಹೋಗುತ್ತಿದೆಯೋ ಎಂದು ಮೇಸ್ತ್ರಿ ಕಾಲಿನಿಂದ ಸರಿಸಿ ಸರಿಸಿ ನೋಡಿದ. ಸುತ್ತ ಇಡೀ ಯಾರ್ಡು ನಿಂತಿತ್ತು. ಅವನು ಅಕ್ಕನ ಕಡೆ ತಿರುಗಿ, "ನೀನ್ಯಾಕಮ್ಮ ಬಂದೆ? ಬುತ್ತಿ ಇನ್ಮೇಲೆ ಮನೇಲೇ ಬಡಿಸು" ಎಂದ. ಕೆಲವರು ನಕ್ಕರು.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಮೇಸ್ತ್ರಿ ಅಂದಿನಿಂದ ನೆಮ್ಮದಿಯಾಗಿದ್ದ. ಆ ದೊಣ್ಣೆಯನ್ನು ಒಬ್ಬ ಹೆಂಗಸು ಎತ್ತಿಟ್ಟುಕೊಂಡಿದ್ದಾಳೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಭಾವ ರಸ್ತೆಯ ತಿರುವಿನಲ್ಲಿ ಸೈಕಲ್ ಪಂಕ್ಚರ್ ಹಾಕುವ ಅಂಗಡಿ ಇಟ್ಟರು. ಒಂದು ಬೋಗುಣಿ ನೀರು, ಒಂದು ಉಜ್ಜುಗಲ್ಲು, ಒಂದು ಸ್ಟೂಲು. "ಇವರು ಒಂದು ಪಂಕ್ಚರ್ ಹಾಕೋ ಹೊತ್ತಿಗೆ ನಡ್ಕೊಂಡೇ ಹೋಗಿ ಬರಬಹುದು" ಎಂದು ಗಿರಾಕಿಗಳು ಗೊಣಗುತ್ತಿದ್ದರೂ, ಅವರು ಹಾಕಿದ ತೇಪೆ ಎದ್ದದ್ದಿಲ್ಲ. ಅಕ್ಕ ಮಾತ್ರ ನೇರ ದೊಡ್ಡವರ ಬಳಿ ಹೋದಳು. "ನನ್ನ ಗಂಡನ ಕೆಲಸ ತೆಗೆದ್ರಿ. ನನಗೊಂದು ಕೊಡಿ" ಎಂದಳು. ದೊಡ್ಡವರಿಗೆ ಒಳಗೊಳಗೇ ಏನೋ ಕುಟುಕುತ್ತಿತ್ತೆಂದು ಕಾಣುತ್ತದೆ. ಕಚೇರಿ ಗುಡಿಸಲು ಇಟ್ಟುಕೊಂಡರು. ಗುಡಿಸುತ್ತಲೇ ಅವಳು ಹಲಗೆ ಓದಲು ಕಲಿತಳು, ಸರದಿ ಬರೆಯುತ್ತಿದ್ದ ಹಳೆಯ ಗುಮಾಸ್ತರಿಗೆ ಕಣ್ಣು ಮಂದವಾದಾಗ ಅವರ ಬದಲು ಬರೆಯತೊಡಗಿದಳು, ಅವರು ನಿವೃತ್ತರಾದಾಗ ಕುರ್ಚಿ ಅವಳದೇ ಆಯಿತು. ಆ ಹೊತ್ತಿಗೆ ಮೇಸ್ತ್ರಿಯ ಮೀಸೆ ಅರ್ಧ ನರೆತಿತ್ತು.

ಅವಳು ಕುರ್ಚಿಯಲ್ಲಿ ಕೂತ ಮೊದಲ ವಾರವೇ ನನಗೆ ಅನುಮಾನ ಬಂತು. ಬೇಸಿಗೆಯ ನಡುಮಧ್ಯಾಹ್ನಕ್ಕೆ ಕಿರಿಬಾಯಿಯ ಟ್ಯಾಂಕು ಯಾರಿಗೆ? ಮೇಸ್ತ್ರಿಗೆ. ಒಂದರ ಅಂಟು ಹದಕ್ಕೆ ಬರುವಾಗಲೇ ಇನ್ನೊಂದರ ಮರಳು ಮುಗಿದು ಪ್ರೈಮರಿಗೆ ಬಾಯಿಬಿಡುವ ಸರದಿ ಯಾರಿಗೆ? ಅವನಿಗೇ. ಟೀ ಕುಡಿಯಲು ಬಿಡುವಿಲ್ಲ, ಮೂತ್ರಕ್ಕೆ ಹೋಗಬೇಕಾದರೂ ಓಡಬೇಕು. ಪಂದ್ಯದ ದಿನಗಳಲ್ಲಂತೂ ಅವನ ಹಲಗೆ ಉಸಿರು ಬಿಡಲೂ ಜಾಗವಿಲ್ಲದಂತೆ ತುಂಬಿರುತ್ತಿತ್ತು. ಹಕ್ಕಿಗಳು ಬಂದು ಖಾಲಿ ಮಹಡಿಯ ಮೇಲೆ ಇಳಿಯುತ್ತಿದ್ದವು. ಮೇಸ್ತ್ರಿ ದೊಡ್ಡವರ ಬಳಿ ದೂರು ಒಯ್ದ. ಅವರು ಬಂದು ಹಲಗೆಯನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲಿಯೂ ತಪ್ಪಿಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತಿತ್ತು ಕೆಲಸ.

"ಅಕ್ಕಾ, ಇದೆಲ್ಲ ಆಕಸ್ಮಿಕವೋ?" ಎಂದು ನಾನು ಬುತ್ತಿ ಬಿಚ್ಚುತ್ತ ಕೇಳಿದೆ.

"ಹಂಡೆ ಹೇಳಿದ ಹಾಗೆ ಬರೀತೀನಿ" ಎಂದಳು. "ಹಂಡೆಗೆ ಅವನ ಮೇಲೆ ಸಿಟ್ಟಿದ್ರೆ ನಾನೇನು ಮಾಡ್ಲಿ?"

ಆದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು ಅವಳ ಸ್ಥಿತಿ. ಬಿಡುವಿಲ್ಲದೆ ಓಡಿ ಓಡಿ ಮೇಸ್ತ್ರಿಯ ತಂಡ ಪಳಗಿತು. ಹೊತ್ತಿಗೆ ಸರಿಯಾಗಿ ಪ್ರೈಮರ್, ಹದಕ್ಕೆ ಸರಿಯಾಗಿ ಹಾಳೆ. ವರ್ಷ ಕಳೆಯುವಷ್ಟರಲ್ಲಿ ಯಾರ್ಡಿನಲ್ಲಿ ಒಂದು ಟ್ಯಾಂಕೂ ಕೆಡದ ತಂಡ ಅದೊಂದೇ. ದೊಡ್ಡವರು ಎಲ್ಲರನ್ನೂ ಸೇರಿಸಿ ಅವನನ್ನು ಮುಖ್ಯ ಮೇಸ್ತ್ರಿ ಮಾಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ನಿನ್ನ ಹಠದಿಂದಲೇ ಇವನು ಮನುಷ್ಯ ಆದದ್ದಮ್ಮ" ಎಂದರು. ಮೇಸ್ತ್ರಿ ಕೈ ಮುಗಿದು, "ಅಕ್ಕನ ಉಪಕಾರ" ಎಂದ.

ಅಂದು ಅಕ್ಕ ಬುತ್ತಿಯ ಮುಚ್ಚಳ ತೆರೆಯಲಿಲ್ಲ. ಗೋಡೆಯಾಚೆ ಸೀಮೆಸುಣ್ಣ ಒಂದರ ಹಿಂದೊಂದು ಮುರಿಯುವುದು ಕೇಳಿಸಿತು. ಸಂಜೆ ಹೊರಡುವಾಗ ನನ್ನ ಬಾಗಿಲಲ್ಲಿ ನಿಂತು ಹೇಳಿದಳು: "ನಾನು ಎಸೆದ ಕಲ್ಲೆಲ್ಲ ಅವನ ಮಡಿಲಲ್ಲಿ ಹಣ್ಣಾಗಿ ಬಿದ್ದಿವೆ. ನಾನು ಮೊದಲ ತುದಿಯಿಂದ ಶುರು ಮಾಡಿದ್ದೇ ತಪ್ಪು."

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

ಮರುವಾರದಿಂದ ಹಲಗೆ ಬದಲಾಯಿತು. ಮೇಸ್ತ್ರಿಗೆ ಅಗಲಬಾಯಿಯ ಟ್ಯಾಂಕುಗಳು, ನೆರಳಿನ ಕಡೆಯ ಜಾಗ, ಎರಡು ಕೆಲಸಗಳ ನಡುವೆ ಧಾರಾಳ ಬಿಡುವು. ಅವನು ಅಕ್ಕನನ್ನು ಕಂಡಾಗಲೆಲ್ಲ ಹಲ್ಲು ಕಿರಿಯತೊಡಗಿದ. ಓಡುತ್ತಿದ್ದವನು ನಡೆಯತೊಡಗಿದ, ನಡೆಯುತ್ತಿದ್ದವನು ಕೂರತೊಡಗಿದ. ಟೀ ಅಂಗಡಿಯಲ್ಲಿ ಅವನ ಧ್ವನಿ ಮತ್ತೆ ಕೇಳಿಬಂತು. ಬಿಟ್ಟುಹೋಗಿದ್ದ ಪಾರಿವಾಳದ ಹುಚ್ಚು ಮರಳಿ ಹತ್ತಿತು. ಯಾವ ಹಕ್ಕಿ ಎಂದು ಹೊರಡುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂದು ಅವನೇ ಅಕ್ಕನ ಕೋಣೆಯ ಬಾಗಿಲಲ್ಲಿ ನಿಂತು ಬಣ್ಣಿಸುತ್ತಿದ್ದ. ಅವಳು ಕೇಳುತ್ತಿದ್ದಳು. ಅವಳಷ್ಟು ಗಮನ ಕೊಟ್ಟು ಕೇಳುವವರು ಅವನಿಗೆ ಮನೆಯಲ್ಲೂ ಇರಲಿಲ್ಲ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ಇದ್ದೊಬ್ಬ ಮಗಳಿಗೆ ಮದುವೆಯಾಗಿತ್ತು.

ಆ ಮಗಳ ಗಂಡನಿಗೆ ಕೆಲಸವಿರಲಿಲ್ಲ. ದೊಡ್ಡವರಿಗೆ ಹೇಳಿ ಅವನನ್ನು ಯಾರ್ಡಿಗೆ ಸೇರಿಸಿದ್ದು ಸ್ವತಃ ಅಕ್ಕ. ಹಾಕಿದ್ದು ಮಾವನ ತಂಡಕ್ಕೇ. ಅಳಿಯ ಸಾಧು ಮನುಷ್ಯ. ಕಲಿಯುವ ಆಸೆ ಇತ್ತು, ಮಾವನೆದುರು ತುಟಿ ಬಿಚ್ಚುವ ಧೈರ್ಯ ಇರಲಿಲ್ಲ. ಅವನ ಹೆಂಡತಿಗೆ ಆಗ ದಿನ ತುಂಬುತ್ತಿತ್ತು.

"ಅವನನ್ನ ಬೇರೆ ತಂಡಕ್ಕೆ ಹಾಕಿದ್ರೆ ಬೇಗ ಕಲೀತಿದ್ನಲ್ಲ?" ಎಂದೆ ನಾನು.

"ಮಾವ ಅಳಿಯ ಒಟ್ಟಿಗಿರ್ಲಿ. ಚೆಂದ" ಎಂದಳು ಅಕ್ಕ. ನಾನು ಅವಳ ಮುಖ ನೋಡಿದೆ. ಆಗ ಅರ್ಥವಾಯಿತು. ಅವಳು ಸೇಡನ್ನೂ ಹಂಡೆಯ ಬಾಗಿಲಿನಿಂದ ಹಿಂದಕ್ಕೆ ಬರೆಯುತ್ತಿದ್ದಳು. ಕೊನೆಯ ಸಾಲಿನಲ್ಲಿ ಮೇಸ್ತ್ರಿ ದೊಡ್ಡವರೆದುರು ನಿಂತಿದ್ದಾನೆ, ಒಬ್ಬರ ಕಡೆ ಬೆರಳು ತೋರಿಸಲೇಬೇಕು, ಪಕ್ಕದಲ್ಲಿರುವವನು ಅಳಿಯನೊಬ್ಬನೇ. ಅದರ ಹಿಂದಿನ ಸಾಲು, ಸತ್ತ ಅಂಟು. ಅದರ ಹಿಂದೆ, ಪಾರಿವಾಳ.

ಆ ದಿನ ಬಂದಿತು. ಪಂದ್ಯದ ಮಧ್ಯಾಹ್ನ. ಮೇಸ್ತ್ರಿಗೆ ಕೊಟ್ಟದ್ದು ಸಣ್ಣ ಟ್ಯಾಂಕು, ಇಬ್ಬರಷ್ಟೇ ಸಾಕಾಗುವಂಥದ್ದು. ನಿಯಮದ ಪ್ರಕಾರ ಒಬ್ಬ ಒಳಗಿದ್ದರೆ ಇನ್ನೊಬ್ಬ ಬಾಯಿಯ ಬಳಿ ಕಾವಲಿರಬೇಕು. ಅಂಟಿನ ಆವಿಗೆ ಒಳಗಿನವನು ತಲೆಸುತ್ತಿ ಬಿದ್ದರೆ ಎಳೆಯುವವರು ಬೇಕಲ್ಲ. ಅಂದರೆ ಒಬ್ಬ ಹೋದರೆ ಇನ್ನೊಬ್ಬನ ಕೈ ಕಟ್ಟಿದಂತೆ. ಅಂಟು ಬಳಿದು ಹೊರಬಂದ ಮೇಸ್ತ್ರಿ ಆಕಾಶ ನೋಡಿದ, ಅಳಿಯನ ಕಿವಿಯಲ್ಲಿ ಏನೋ ಹೇಳಿ ಹಿಂದಿನ ಗೇಟಿನಿಂದ ಜಾರಿದ.

ಅಕ್ಕ ಕಿಟಕಿಯ ಬಳಿ ನಿಂತಿದ್ದಳು. ನಾನು ಅವಳ ಪಕ್ಕಕ್ಕೆ ಹೋದೆ. ಅಂಗಳದ ಆಚೆ ಅಳಿಯ ಟ್ಯಾಂಕಿನ ಬಾಯೊಳಗೆ ಕೈ ಚಾಚಿ ಗೆಣ್ಣು ತಾಗಿಸಿ ನೋಡುತ್ತಿದ್ದ, ರಸ್ತೆಯತ್ತ ನೋಡುತ್ತಿದ್ದ, ಮತ್ತೆ ಗೆಣ್ಣು ತಾಗಿಸುತ್ತಿದ್ದ. ಹದ ಬಂತೆಂದು ಅವನ ಚಡಪಡಿಕೆಯಿಂದಲೇ ತಿಳಿಯುತ್ತಿತ್ತು.

"ಮರಳು ಹೊಡೆಯೋರ ಕಡೆಯಿಂದ ಯಾರನ್ನಾದ್ರೂ ಕಾವಲಿಗೆ ಕಳಿಸು ಅಕ್ಕ" ಎಂದೆ. "ಇನ್ನೂ ಹೊತ್ತಿದೆ. ಪಾಪ, ಆ ಅಳಿಯ ಏನು ಮಾಡಿದಾನೆ?"

"ನನ್ನ ಗಂಡ ಏನು ಮಾಡಿದ್ರು?"

"ಅವನ ಮನೇಲಿ ಬಸುರಿ ಇದಾಳೆ."

ಕಿಟಕಿಯ ಸರಳನ್ನು ಹಿಡಿದಿದ್ದ ಅವಳ ಬೆರಳುಗಳು ಬಿಳುಚಿಕೊಂಡಿದ್ದವು. ಬಹಳ ಹೊತ್ತಿನ ಮೇಲೆ, "ಆಯ್ತು. ಸತ್ತಿರುತ್ತೆ ಈಗ" ಎಂದು ಹೇಳಿ ಕುರ್ಚಿಯಲ್ಲಿ ಕೂತಳು.

ಮೇಸ್ತ್ರಿ ಕುಣಿಯುತ್ತಲೇ ಬಂದ. ಹಕ್ಕಿ ಮೊದಲು ಇಳಿದಿತ್ತೆಂದು ತೋರುತ್ತದೆ. ಟ್ಯಾಂಕಿನೊಳಗೆ ಕೈಯಿಟ್ಟ. ಕುಣಿತ ನಿಂತಿತು. ಅತ್ತಿತ್ತ ನೋಡಿ ಅಳಿಯನಿಗೆ ಅವನು ಹೇಳಿದ ಮಾತು ಏನೆಂದು ಆಮೇಲೆ ಅಳಿಯನೇ ನನಗೆ ತಿಳಿಸಿದ: "ಏನೂ ಆಗಲ್ಲ, ಹಾಕು."

ಸಂಜೆ ಟ್ಯಾಂಕು ಹಂಡೆಯ ಬಾಗಿಲಿಗೆ ಬಂತು. ಅಕ್ಕ ದೊಡ್ಡವರನ್ನು ಮೊದಲೇ ಕರೆದು ನಿಲ್ಲಿಸಿದ್ದಳು. "ಬೇಯೋಕೆ ಮೊದಲು ಒಂದು ಟ್ಯಾಂಕು ನೀವೇ ನೋಡಿಬಿಡಿ" ಎಂದು ಚಾಕು ಕೈಗೆ ಕೊಟ್ಟಳು. ದೊಡ್ಡವರು ಟ್ಯಾಂಕಿನ ಬಾಯಿಯ ಒಳಗಿನ ಹಾಳೆಯ ಅಂಚಿಗೆ ಚಾಕು ತೂರಿಸಿ ಎಳೆದರು. ಬಾಳೆಹಣ್ಣಿನ ಸಿಪ್ಪೆಯಂತೆ ಬಂತು. ಹಿಂದೆ ಅಂಟು ಒಣಗಿ ಹೊಳೆಯುತ್ತಿತ್ತು.

ಸುತ್ತ ಎಲ್ಲರೂ ಕೆಲಸ ಬಿಟ್ಟು ಸೇರಿದರು. "ಇದನ್ನ ಹಾಕಿದ್ದು ಯಾರು?" ಎಂದು ಕೇಳಿದರು ದೊಡ್ಡವರು. ಧ್ವನಿ ಏರಿರಲಿಲ್ಲ, ಅದೇ ಹೆದರಿಕೆಯ ವಿಷಯ.

ಮೇಸ್ತ್ರಿ ಹಾಳೆಯನ್ನು ನೋಡಿದ. ಅಳಿಯನನ್ನು ನೋಡಿದ. ಅಳಿಯನ ಕುತ್ತಿಗೆ ಬಾಗಿತ್ತು. ನಾನು ಅಕ್ಕನನ್ನು ನೋಡಿದೆ. ಅವಳು ಉಸಿರು ಹಿಡಿದು ಮೇಸ್ತ್ರಿಯ ಬಾಯಿಯನ್ನೇ ನೋಡುತ್ತಿದ್ದಳು, ಬಾಯಿ ಬಿಡಲಿ, 'ಇವನೇ' ಎನ್ನಲಿ, ಮಗಳ ಮನೆಯನ್ನು ಅವನೇ ತನ್ನ ನಾಲಗೆಯಿಂದ ಸುಡಲಿ ಎಂದು. ಅಷ್ಟು ಹಸಿದ ಮುಖವನ್ನು ನಾನು ಆ ಮೊದಲು ಕಂಡಿರಲಿಲ್ಲ.

"ಹಾಕು ಅಂದಿದ್ದು ನಾನು" ಎಂದ ಮೇಸ್ತ್ರಿ. "ಹಕ್ಕಿ ನೋಡೋಕೆ ಹೋಗಿದ್ದೆ. ಅಂಟು ಸತ್ತಿತ್ತು. ಇವನು ಬೇಡ ಅಂದ, ನಾನೇ ಹಾಕಿಸಿದೆ."

ಇವನು ಬೇಡ ಎಂದಿರಲಿಲ್ಲ. ಅಳಿಯ ತಲೆಯೆತ್ತಿ ಮಾವನನ್ನು ನೋಡಿದ.

ದೊಡ್ಡವರು ಚಾಕು ಮಡಚಿದರು. "ಕೆಟ್ಟ ಕೆಲಸ. ಆದ್ರೆ ನೀನಾಗೇ ಒಪ್ಪಿಕೊಂಡೆ, ಅದು ದೊಡ್ಡದು. ಕಿತ್ತು ಮೊದಲಿನಿಂದ ಮಾಡಿ" ಎಂದು ತಿರುಗಿದರು.

ಅಷ್ಟೇ? ಅಷ್ಟು ವರ್ಷ ಕಾದದ್ದು, ಒಂದೊಂದು ಸಾಲನ್ನೂ ಹಿಂದಿನಿಂದ ಹೊಂದಿಸಿದ್ದು, ಅವನಿಗೆ ಭೇಷ್ ಎನ್ನಿಸುವುದಕ್ಕೆ? ಅಕ್ಕ ಮುಂದೆ ಬಂದಳು.

"ನಿಲ್ಲಿ ದೊಡ್ಡವರೇ. ಅಳಿಯನಿಗಾದ್ರೆ ಇಷ್ಟು ಬೇಗ ಸತ್ಯ ಬರುತ್ತೆ ಇವನ ಬಾಯಲ್ಲಿ. ನನ್ನ ಗಂಡನಿಗೆ ಯಾಕೆ ಬರ್ಲಿಲ್ಲ ಕೇಳಿ. ಆ ಟ್ಯಾಂಕಿನ ದಿನವೂ ಹಕ್ಕಿ ನೋಡೋಕೆ ಹೋಗಿದ್ದು ಯಾರು? ಕೀಲಿ ಯಾರ ಸೊಂಟದಲ್ಲಿತ್ತು? ಹಾಕು ಅಂದಿದ್ದು ಯಾರು? ಇವತ್ತು ಹೇಳ್ಬೇಕು. ಇಲ್ಲೇ ಹೇಳ್ಬೇಕು. ನನ್ನ ಗಂಡನ ಚೀಲ ಸುರಿದಾಗ ನೋಡಿ ನಕ್ಕವರೆಲ್ಲ ಇಲ್ಲೇ ಇದಾರೆ."

ಹಂಡೆಯ ಹಬೆಯ ಕೊಳವೆ ಸುಯ್ಯೆನ್ನುತ್ತಿತ್ತು.

"ಅವತ್ತೂ ನಾನೇ" ಎಂದ ಮೇಸ್ತ್ರಿ. ಆಮೇಲೆ, ಅವಳ ಕಡೆ ತಿರುಗಿ, ಸ್ವಲ್ಪ ಆಶ್ಚರ್ಯದಿಂದಲೇ ಕೇಳಿದ: "ನಿಮ್ಮ ಯಜಮಾನ್ರು ಹೇಳಿಲ್ವಾ ಅಕ್ಕ? ಅವರ ಹತ್ರ ನಾನು ಕಾಲು ಹಿಡಿದು ಕೇಳ್ಕೊಂಡಾಗಿದೆ. ವರ್ಷಗಳೇ ಆಯ್ತು."

ಗೆದ್ದ ಘಳಿಗೆಯಲ್ಲೇ ಹೊಡೆತ ಬಿದ್ದದ್ದು ಎಂದರೆ ಅದು. ಅಕ್ಕ ಕೋಣೆಗೆ ಹೋಗಿ ಚೀಲ ಎತ್ತಿಕೊಂಡು ಹೊರಟಳು. ಮರುದಿನದ ಹಲಗೆ ಬರೆಯದೆ ಅವಳು ಹೋದದ್ದು ಅದೊಂದೇ ಸಂಜೆ.

ಮುಂದಿನದು ಅವಳು ಹೇಳಿದ್ದು. ಭಾವ ಸ್ಟೂಲಿನ ಮೇಲೆ ಕೂತು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದರಂತೆ. ಇವಳು ಎಲ್ಲವನ್ನೂ ಹೇಳಿದಳು. ಅವರು ಕೇಳಿದ ಮೊದಲ ಪ್ರಶ್ನೆ: "ಟ್ಯಾಂಕನ್ನ ಹಂಡೆಗೆ ಬಿಟ್ಟಿಲ್ಲ ತಾನೆ?"

"ಅವನು ನಿಮ್ಮ ಹತ್ರ ಬಂದಿದ್ನಾ?"

"ಹ್ಞೂಂ. ಅವನ ಹೆಂಡ್ತಿ ತೀರ್ಕೊಂಡ ವರ್ಷ. ಸೈಕಲ್ ತಂದ, ಪಂಕ್ಚರ್ ನೋಡಿ ಅಂದ. ಟ್ಯೂಬ್ ಪೂರ್ತಿ ಅದ್ದಿದೆ, ಒಂದು ಗುಳ್ಳೆ ಇಲ್ಲ. ಏನಪ್ಪ, ಏನೂ ಆಗಿಲ್ವಲ್ಲ ಅಂದೆ. ಆಗ ಅತ್ತ."

"ನೀವೇನಂದ್ರಿ?"

"ಹೋಗ್ಲಿ ಬಿಡು ಅಂದೆ."

"ನನಗೆ ಯಾಕೆ ಹೇಳ್ಲಿಲ್ಲ?"

ಭಾವ ಎಂದಿನಂತೆ ಮಾತನ್ನು ಹೊರಗೆ ತೆಗೆದು ತಿರುಗಿಸಿ ನೋಡಿದರು. ಆ ದಿನ ಮಾತ್ರ ಒಳಗಿಡಲಿಲ್ಲ. "ನೀನು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋ ರೀತಿ ನೋಡ್ತಿದ್ದೆ. ಆ ಸಿಟ್ಟು ಹೋದ್ರೆ ನೀನು ಕೂತುಬಿಡ್ತೀಯ ಅನ್ನಿಸ್ತು. ನಾನಂತೂ ಕೂತವನು. ಇಬ್ಬರೂ ಕೂತ್ರೆ ಮನೆ ನಡೀಬೇಕಲ್ಲ."

ಅಕ್ಕ ತಿರುಗಿ ಮನೆಗೆ ಹೋದಳು. ಅಂದಿನಿಂದ ಗಂಡನೊಡನೆ ಮಾತು ಬಿಟ್ಟಳು.

ಯಾರ್ಡಿನಲ್ಲಿ ಆಗಬೇಕಾದದ್ದೆಲ್ಲ ಆಯಿತು. ಹಳೆಯ ಸುಳ್ಳು ಹೊರಬಿದ್ದ ಮೇಲೆ ದೊಡ್ಡವರಿಗೂ ಮುಖ ತೋರಿಸುವುದು ಕಷ್ಟವಾಗಿ, ಮೇಸ್ತ್ರಿಗಿರಿ ಕಿತ್ತುಕೊಂಡು ಅವನನ್ನು ಹಾಳೆ ಕತ್ತರಿಸುವ ಮೇಜಿಗೆ ಹಾಕಿದರು. ಭಾವನ ಅಂಗಡಿಗೆ ಖುದ್ದು ಹೋಗಿ ಮರಳಿ ಬಾ ಎಂದು ಕರೆದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಭಾವ ಮಾನದ ಮಾತೆತ್ತಲಿಲ್ಲ, "ಇಲ್ಲಿ ಗಾಳಿ ಚೆನ್ನಾಗಿದೆ" ಎಂದರಷ್ಟೇ. ಅಳಿಯ ಬೇರೆ ತಂಡದಲ್ಲಿ ಕೆಲಸ ಕಲಿತ. ಅವನ ವಿಷಯದಲ್ಲಿ ಅಕ್ಕನ ಹಲಗೆ ನ್ಯಾಯವಾಗಿತ್ತು.

ಮಾಜಿ ಮೇಸ್ತ್ರಿ ಪ್ರತಿದಿನ ಅವಳ ಬಾಗಿಲ ಮುಂದೆ ಹಾದು ನಮಸ್ಕಾರ ಎನ್ನುತ್ತಿದ್ದ. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ಮನೆಯಲ್ಲಿ ತಟ್ಟೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಏನಾದರೂ ಹೇಳಲೇಬೇಕಾದರೆ ನಾನು ದೂತ. "ದೀಪದ ಬಲ್ಬು ಹೋಗಿದೆ ಅಂತ ಹೇಳು." ನಾನು ಸಂಜೆ ಸೈಕಲ್ ನಿಲ್ಲಿಸಿ ಹೇಳುತ್ತಿದ್ದೆ. ಭಾವ ತಲೆಯಾಡಿಸಿ ಬಲ್ಬು ತರುತ್ತಿದ್ದರು. ಬೇಸಿಗೆ ಹೋಗಿ ಮಳೆ ಬಂತು.

ಒಂದು ಮಧ್ಯಾಹ್ನ ನನಗೆ ತಾಳ್ಮೆ ತಪ್ಪಿತು. "ಸಾಕು ಮಾಡು ಅಕ್ಕ. ಅವನು ನೆಲಕ್ಕೆ ಬಿದ್ದ. ಊರ ಮುಂದೆ ಒಪ್ಪಿಕೊಂಡ. ಭಾವನ ಹೆಸರು ಶುದ್ಧ ಆಯ್ತು. ಇನ್ನೇನು ಬೇಕು ನಿನಗೆ?"

ಅವಳು ಕೈಯ ತುತ್ತನ್ನು ಬುತ್ತಿಗೇ ಹಾಕಿದಳು. "ಅವನು ಕ್ಷಮೆ ಕೇಳಿದ್ದು ಅವರ ಹತ್ರ. ಅವರು ಕೊಟ್ರು. ಅವರಿಬ್ಬರ ಲೆಕ್ಕ ಅವರಿಗೆ. ಗೇಟಿನ ಹತ್ರ ಬುತ್ತಿ ಹಿಡ್ಕೊಂಡು ನಿಂತಿದ್ದು ಯಾರು? ಮನೇಲೇ ಬಡಿಸು ಅನ್ನಿಸ್ಕೊಂಡಿದ್ದು ಯಾರು? ನನ್ನ ಹತ್ರ ಯಾರು ಬಂದ್ರು? ನನ್ನನ್ನ ಕೇಳದೆ ಅವರು ಹೇಗೆ ಹೋಗ್ಲಿ ಬಿಡು ಅಂದ್ರು?"

ಇಷ್ಟು ವರ್ಷ ಗಂಡನ ಪರವಾಗಿ ಉರಿಯುತ್ತಿದ್ದಾಳೆ ಎಂದುಕೊಂಡಿದ್ದೆ ನಾನು. ಭಾವನೂ ಹಾಗೆಯೇ ಅಂದುಕೊಂಡಿದ್ದರು.

ನಾನು ಆ ಮಾತನ್ನು ಹಾಳೆ ಕತ್ತರಿಸುವ ಮೇಜಿಗೆ ಮುಟ್ಟಿಸಿದೆ. ಮಾಜಿ ಮೇಸ್ತ್ರಿ ಕತ್ತರಿ ಕೆಳಗಿಟ್ಟು ಕೇಳಿಸಿಕೊಂಡ. ಮಾರನೆಯ ದಿನ ಅಕ್ಕನ ಬಾಗಿಲಿಗೆ ಬಂದ. ಅವಳು ಹಲಗೆ ಬರೆಯುತ್ತಿದ್ದಳು. ಕಂಡರೂ ನಿಲ್ಲಿಸಲಿಲ್ಲ. ಹಂಡೆಯ ಬಾಗಿಲಿನಿಂದ ಶುರುಮಾಡಿ ಮರಳಿನವರೆಗೆ ಒಂದೊಂದು ಸಾಲನ್ನೂ ಬರೆದು, ತಪ್ಪಾದಲ್ಲಿ ಒರೆಸಿ, ಮತ್ತೆ ಬರೆದು, ಕೈಯ ಸುಣ್ಣ ಕೊಡವಿದಳು. ಅವನು ಅಷ್ಟೂ ಹೊತ್ತು ನಿಂತಿದ್ದ. ದಾರಿಯಲ್ಲಿ ಹೋಗುವವರೆಲ್ಲ ನೋಡಿಕೊಂಡು ಹೋದರು. ಅವಳಿಗೆ ಅದೂ ಬೇಕಿತ್ತು.

"ಆ ದಿನ ಗೇಟಿನಲ್ಲಿ ನಿಮಗೆ ಹಾಗೆ ಅನ್ನಬಾರದಾಗಿತ್ತು" ಎಂದ. "ಚೀಲಕ್ಕೆ ಕಾಲು ಹಾಕಬಾರದಾಗಿತ್ತು. ತಪ್ಪಾಯ್ತು."

"ಕೇಳಿಸ್ತು" ಎಂದಳು ಅಕ್ಕ. "ಹೋಗಿ, ಹಾಳೆ ಕಾಯ್ತಿದೆ."

ಕ್ಷಮಿಸಿದೆ ಎನ್ನಲಿಲ್ಲ. ಆಮೇಲೂ ಎಂದೂ ಎನ್ನಲಿಲ್ಲ. ಅವನ ನಮಸ್ಕಾರಕ್ಕೆ ಗೋಡೆಯೇ ಉತ್ತರವಾಗಿ ಉಳಿಯಿತು. ಆದರೆ ಆ ಮಧ್ಯಾಹ್ನ ಅವಳು ತನ್ನ ಬುತ್ತಿ ಮುಗಿಸಿ ನನ್ನದರಲ್ಲೂ ಕೈ ಹಾಕಿದಳು.

ಮರುದಿನ ಸಂಜೆ ನಾನು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದಾಗ ಭಾವ ನನ್ನನ್ನು ಹತ್ತಿರ ಕರೆದರು. ಮುಖದಲ್ಲಿ ನಿಧಿ ಸಿಕ್ಕವನ ಕಳೆ.

"ನಿನ್ನೆ ಮಾತಾಡಿದ್ಳು" ಎಂದರು.

"ಏನಂದ್ಳು?"

"'ಬಾಗಿಲು ಹಾಕಿ, ಸೊಳ್ಳೆ ಬರುತ್ತೆ' ಅಂದ್ಳು" ಎಂದು ಹೇಳಿ, ಇನ್ನೊಮ್ಮೆ ಅದನ್ನೇ ಹೇಳಿ, ಟ್ಯೂಬನ್ನು ನೀರಿಗೆ ಅದ್ದಿದರು.